ವಿಎಚ್‌ಎಸ್ ಲೆರ್ನ್‌ಪೋರ್ಟಲ್: ಜರ್ಮನಿಯ ಉಚಿತ ವಯಸ್ಕರ ಕಲಿಕಾ ತಾಣ ಯಾರಿಗೆ, ಎಷ್ಟರಮಟ್ಟಿಗೆ?

ಜರ್ಮನಿಯಲ್ಲಿ ಓದುಬರಹದ ಕೊರತೆ ಎಂದಕೂಡಲೇ ವಲಸಿಗರ ನೆನಪು ಬರುತ್ತದೆ. ಅಂಕಿ ಬೇರೆಯೇ ಹೇಳುತ್ತದೆ. ಹ್ಯಾಂಬರ್ಗ್ ವಿಶ್ವವಿದ್ಯಾಲಯದ 2018ರ ಲಿಯೋ ಸಮೀಕ್ಷೆಯ ಪ್ರಕಾರ 18ರಿಂದ 64 ವಯಸ್ಸಿನವರಲ್ಲಿ 62 ಲಕ್ಷ ಜನರಿಗೆ ಸರಳವಾದ ಪಠ್ಯವನ್ನು ಸರಿಯಾಗಿ ಓದಿ ಬರೆಯಲು ಬರುವುದಿಲ್ಲ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮಾತೃಭಾಷೆ ಜರ್ಮನ್. ಹತ್ತರಲ್ಲಿ ಆರು ಮಂದಿ ಕೆಲಸದಲ್ಲಿದ್ದಾರೆ. ಪಾಳಿ ಮುಗಿಸಿ ಬಂದವರು ತರಗತಿಗೆ ಹೋಗುವುದು ಕಷ್ಟ. ಗೊತ್ತಿರುವವರ ಕಣ್ಣಿಗೆ ಬೀಳುವ ನಾಚಿಕೆ ಅದಕ್ಕಿಂತ ದೊಡ್ಡ ತಡೆ. ಮನೆಯಲ್ಲೇ, ಯಾರಿಗೂ ತಿಳಿಯದಂತೆ ಕಲಿಯಲು ದಾರಿ ಬೇಕಿರುವುದು ಇಂಥವರಿಗೆ.

ವಿಎಚ್‌ಎಸ್ ಲೆರ್ನ್‌ಪೋರ್ಟಲ್ ಕೊಡುವುದು ಆ ದಾರಿಯನ್ನು. ಊರೂರಿನಲ್ಲಿರುವ ಫೋಲ್ಕ್ಸ್‌ಹೋಖ್‌ಶೂಲೆ (ಚಿಕ್ಕದಾಗಿ ವಿಎಚ್‌ಎಸ್) ಎಂಬ ಜನಶಿಕ್ಷಣ ಕೇಂದ್ರಗಳ ಒಕ್ಕೂಟವಾದ ಡಿವಿವಿ ಇದನ್ನು ನಡೆಸುತ್ತದೆ. ಹಣ ಫೆಡರಲ್ ಶಿಕ್ಷಣ ಸಚಿವಾಲಯದ್ದು, ಕಲಿಯುವವರಿಗೆ ಶುಲ್ಕವಿಲ್ಲ. ಯುರೋಪಿನ ಭಾಷಾ ಮಟ್ಟಗಳ ಲೆಕ್ಕದಲ್ಲಿ ಎ1 (ತೀರಾ ಆರಂಭ), ಎ2, ಬಿ1, ಬಿ2ರವರೆಗೆ ಜರ್ಮನ್ ಕೋರ್ಸ್‌ಗಳಿವೆ. ಲಿಪಿಯೇ ಹೊಸದಾದವರಿಗೆ ಎಬಿಸಿ ಕೋರ್ಸ್, ಮಾತೃಭಾಷೆ ಜರ್ಮನ್ ಆಗಿಯೂ ಬರೆಯಲು ಬಾರದವರಿಗೆ ‘ಶ್ರೈಬೆನ್’, ಲೆಕ್ಕಕ್ಕೆ ‘ರೆಖ್ನೆನ್’. ಶಾಲೆಯನ್ನು ಅರ್ಧಕ್ಕೆ ಬಿಟ್ಟವರು ಶಾಲಾಂತ್ಯ ಪರೀಕ್ಷೆಗೆ ತಯಾರಾಗಲು ಬೇರೆ ವಿಭಾಗವಿದೆ.

ಇಂಥ ತಾಣವನ್ನು ಅಳೆಯಲು ಒಳ್ಳೆಯ ಕೋಲು ಯುರೋಪಿಯನ್ ಒಕ್ಕೂಟದ ಬಳಿಯೇ ಇದೆ. ಕಡಿಮೆ ಕೌಶಲದ ವಯಸ್ಕರಿಗಾಗಿ ಅದು 2016ರ ಡಿಸೆಂಬರ್‌ನಲ್ಲಿ ಹೊರಡಿಸಿದ ‘ಅಪ್‌ಸ್ಕಿಲಿಂಗ್ ಪಾತ್‌ವೇಸ್’ ಶಿಫಾರಸು ಮೂರು ಹೆಜ್ಜೆ ಕೇಳುತ್ತದೆ: ಕಲಿಯುವವರಿಗೆ ಈಗ ಏನು ಬರುತ್ತದೆ ಎಂದು ತಿಳಿಯುವುದು, ಅದಕ್ಕೆ ತಕ್ಕಂತೆ ಕಲಿಸುವುದು, ಕಲಿತದ್ದಕ್ಕೆ ಮಾನ್ಯತೆ ಕೊಡುವುದು.

ನಡುವಿನ ಹೆಜ್ಜೆಯಲ್ಲಿ ಈ ತಾಣ ನಿಜಕ್ಕೂ ಚೆನ್ನಾಗಿದೆ, ಕಾರಣ ಅಲ್ಲಿರುವ ಮನುಷ್ಯರು. ಪದ ಜೋಡಿಸುವ, ಖಾಲಿ ಜಾಗ ತುಂಬುವ ಅಭ್ಯಾಸಗಳನ್ನು ಯಂತ್ರವೇ ತಿದ್ದುತ್ತದೆ. ಆದರೆ ಪತ್ರ, ಅರ್ಜಿ, ಮಗು ಶಾಲೆಗೆ ಬರುವುದಿಲ್ಲ ಎಂದು ಟೀಚರಿಗೆ ಬರೆಯುವ ಚೀಟಿ, ಇಂಥವು ಟ್ಯೂಟರ್ ಕೈಗೆ ಹೋಗುತ್ತವೆ. ಯಾವ ತರಗತಿಗೂ ಸೇರದೆ ಒಬ್ಬಂಟಿಯಾಗಿ ನೋಂದಾಯಿಸಿದವರಿಗೂ ತಾಣದ ಕಡೆಯಿಂದಲೇ ಟ್ಯೂಟರ್ ಸಿಗುತ್ತಾರೆ. ತಪ್ಪನ್ನು ಕೆಂಪು ಮಾಡಿ ಬಿಟ್ಟುಬಿಡುವ ಆ್ಯಪ್‌ಗಳು ಬೇಕಾದಷ್ಟಿವೆ. ಯಾಕೆ ತಪ್ಪಾಯಿತು ಎಂದು ಹೇಳುವವರು ಸಿಕ್ಕಾಗಲೇ ಬಿಟ್ಟುಹೋಗುವವರು ಕಡಿಮೆಯಾಗುವುದು.

ಎಡವುವುದು ಹೆಚ್ಚಾಗಿ ಮೊದಲ ವಾರದಲ್ಲಿ. ತರಗತಿ ನಡೆಸುವವರು ಪೋರ್ಟಲ್‌ನಲ್ಲಿ ಕೋರ್ಸ್ ತೆರೆದರೆ ಒಂದು ಕೋಡ್ ಸಿಗುತ್ತದೆ. ಕಲಿಯುವವರು ತಮ್ಮ ಖಾತೆಯಲ್ಲಿ ಅದನ್ನು ಹಾಕಬೇಕು. ಹಾಕದಿದ್ದರೆ ಅವರು ಮಾಡಿದ ಅಭ್ಯಾಸ ಶಿಕ್ಷಕರಿಗೆ ಕಾಣುವುದೇ ಇಲ್ಲ, ಇಬ್ಬರೂ ಇನ್ನೊಬ್ಬರು ಸುಮ್ಮನಿದ್ದಾರೆ ಎಂದುಕೊಳ್ಳುತ್ತಾರೆ. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡನ್ನು ದೊಡ್ಡಕ್ಷರ, ಸಣ್ಣಕ್ಷರ ಸ್ಪಷ್ಟವಾಗಿ ಕಾಣುವಂತೆ ಚೀಟಿಯಲ್ಲಿ ಬರೆದುಕೊಡಿ. ಅಕ್ಷರವೇ ಕಷ್ಟವಾದವರಿಗೆ ಪಾಸ್‌ವರ್ಡ್ ಮರುಹೊಂದಿಸುವುದು ಇಡೀ ಪಾಠಕ್ಕಿಂತ ದೊಡ್ಡ ಗೋಡೆ.

ಎರಡನೆಯದು ಮೊಬೈಲ್ ಕೀಬೋರ್ಡ್. ಜರ್ಮನ್‌ನಲ್ಲಿ ಎಲ್ಲ ನಾಮಪದಗಳೂ ದೊಡ್ಡಕ್ಷರದಿಂದ ಶುರುವಾಗಬೇಕು. ಫೋನಿನ ಸ್ವಯಂತಿದ್ದುವಿಕೆ ಅದನ್ನು ತಾನೇ ಸರಿಮಾಡಿಬಿಟ್ಟರೆ ಪರದೆಯಲ್ಲಿ ಎಲ್ಲವೂ ಹಸಿರು, ಪೆನ್ನು ಹಿಡಿದರೆ ಮತ್ತೆ ಅದೇ ತಪ್ಪು. ಶುರುಮಾಡುವ ಮುನ್ನ ಸ್ವಯಂತಿದ್ದುವಿಕೆ ಮತ್ತು ಪದಸೂಚನೆ ಎರಡನ್ನೂ ಆಫ್ ಮಾಡಿ, ಜರ್ಮನ್ ಕೀಬೋರ್ಡ್ ಹಾಕಿಕೊಳ್ಳಿ. ä, ö, ü ಅಕ್ಷರಗಳ ಮೇಲಿನ ಉಮ್‌ಲೌಟ್ ಚುಕ್ಕಿ ಬಿಟ್ಟುಹೋದರೆ ಗೊತ್ತಿದ್ದ ಉತ್ತರವೂ ತಪ್ಪಾಗುತ್ತದೆ.

ಮಟ್ಟದ ಆಯ್ಕೆ ಮೂರನೆಯ ಗುಂಡಿ, ಶಿಫಾರಸಿನ ಮೊದಲ ಹೆಜ್ಜೆ ಸಡಿಲವಾಗುವುದೂ ಇಲ್ಲೇ. ಹತ್ತಾರು ವರ್ಷ ಕಟ್ಟಡ ಕೆಲಸದಲ್ಲಿ ಜರ್ಮನ್ ಆಡಿದವರು ಮಾತಿನಲ್ಲಿ ಬಿ1 ಇರಬಹುದು, ಬರಹದಲ್ಲಿ ಅಕ್ಷರಮಟ್ಟದಲ್ಲೇ ಇರಬಹುದು. ಅವರನ್ನು ಬಿ1ಕ್ಕೆ ಕೂರಿಸಿದರೆ ಎರಡನೇ ಪಾಠಕ್ಕೇ ಕೈಬಿಡುತ್ತಾರೆ, ಎ1ಕ್ಕೆ ಕೂರಿಸಿದರೆ ಅವಮಾನವಾಗುತ್ತದೆ. ತನ್ನ ವಿಳಾಸ ಮತ್ತು ನಿನ್ನೆಯ ಕೆಲಸದ ಬಗ್ಗೆ ಮೂರು ವಾಕ್ಯ ಕೈಯಲ್ಲಿ ಬರೆಯಲು ಹೇಳಿ, ಅದನ್ನು ನೋಡಿ ನಿರ್ಧರಿಸಿ. ಬರಹ ಕುಂಟಿದರೆ ‘ಶ್ರೈಬೆನ್’ ಅಥವಾ ಎಬಿಸಿ.

ಮಾತಿನ ಅಭ್ಯಾಸ ಇಲ್ಲಿ ತೆಳು. ವಲಸಿಗರಿಗಾಗಿ ಸರ್ಕಾರ ನಡೆಸುವ ಏಕೀಕರಣ ಕೋರ್ಸ್‌ನಲ್ಲಿ ಸಾಮಾನ್ಯವಾಗಿ 600 ಪಾಠಗಳ ಭಾಷೆ, 100 ಪಾಠಗಳ ನಾಗರಿಕ ಪರಿಚಯ ಇರುತ್ತವೆ. ಒಂದು ಪಾಠವೆಂದರೆ 45 ನಿಮಿಷ. ಅದರ ಕೊನೆಗೆ ಬರುವ, ವಲಸಿಗರ ಜರ್ಮನ್ ಭಾಷಾ ಪರೀಕ್ಷೆಯಾದ ಡಿಟಿಝಡ್‌ನಲ್ಲಿ ಮಾತಿಗೂ ಒಂದು ಭಾಗವಿದೆ. ಪೋರ್ಟಲ್ ಒಂದನ್ನೇ ನಂಬಿ ಹೋದವರು ಸೋಲುವುದು ಅಲ್ಲಿ.

ಮೂರನೇ ಹೆಜ್ಜೆಯಾದ ಮಾನ್ಯತೆಯಲ್ಲಿ ಐರ್ಲೆಂಡ್ ಮುಂದಿದೆ. ಅಲ್ಲಿನ ರಾಷ್ಟ್ರೀಯ ವಯಸ್ಕರ ಸಾಕ್ಷರತಾ ಸಂಸ್ಥೆ ನಾಲಾ ನಡೆಸುವ ‘ಲರ್ನ್ ವಿತ್ ನಾಲಾ’ ಸಹ ಉಚಿತವೇ. ಅದರಲ್ಲಿ ಕಲಿಯುತ್ತಲೇ ಐರಿಷ್ ಅರ್ಹತಾ ಪಟ್ಟಿಯ 2 ಮತ್ತು 3ನೇ ಮಟ್ಟದ ಪ್ರಮಾಣಪತ್ರ ಪಡೆಯಬಹುದು, ಟ್ಯೂಟರ್ ಫೋನಿನಲ್ಲಿ ಮಾತನಾಡಿಸಿ ಕಲಿಸುತ್ತಾರೆ. ಓದಲು ಬಾರದವರಿಗೆ ಬರಹದ ಉತ್ತರಕ್ಕಿಂತ ಫೋನಿನ ದನಿ ಎಷ್ಟೋ ಹತ್ತಿರ. ಜರ್ಮನ್ ಪೋರ್ಟಲ್‌ನಲ್ಲಿ ಮುಗಿಸಿದ ಪಾಠಗಳು ಡಿಟಿಝಡ್ ಪ್ರಮಾಣಪತ್ರಕ್ಕೆ ಸಮವಲ್ಲ; ಅದಕ್ಕೆ ಪರೀಕ್ಷಾ ಕೇಂದ್ರಕ್ಕೇ ಹೋಗಬೇಕು.

ಹೀಗಾಗಿ ವಾರಕ್ಕೆರಡು ಸಂಜೆ ತರಗತಿ, ಉಳಿದ ದಿನ ಇಪ್ಪತ್ತು ನಿಮಿಷ ಪೋರ್ಟಲ್ ಎಂಬ ಜೋಡಣೆಗೆ ನಮ್ಮ ಪೂರ್ತಿ ಶಿಫಾರಸು. ಒಬ್ಬಂಟಿಯಾಗಿ ಕಲಿಯಲು ಎ2 ದಾಟಿದವರಿಗೆ ಸಾಕು. ಅಕ್ಷರದಿಂದ ಶುರುಮಾಡುವವರ ಪಕ್ಕದಲ್ಲಿ ಮೊದಲ ಕೆಲವು ವಾರವಾದರೂ ಯಾರಾದರೂ ಕೂರಲೇಬೇಕು. ಲಾಗಿನ್ ಆಗುವುದು, ಕೋಡ್ ಹಾಕುವುದು, ಬರೆದದ್ದನ್ನು ಟ್ಯೂಟರಿಗೆ ಕಳಿಸುವುದು, ಉತ್ತರ ಬಂದಿದೆಯೇ ಎಂದು ತೆರೆದು ನೋಡುವುದು: ಈ ನಾಲ್ಕನ್ನು ಅವರು ತಾವೇ ಮಾಡುವವರೆಗೆ ಪಾಠ ಮುಂದಕ್ಕೆ ತಳ್ಳಬೇಡಿ.