ಮೆಟ್‌ಫಾರ್ಮಿನ್: ವರ್ಷಗಟ್ಟಲೆ ತೆಗೆದುಕೊಂಡವರ ವಿಮರ್ಶೆ

ಮೆಟ್‌ಫಾರ್ಮಿನ್ ಬಗ್ಗೆ ಸಿಗುವ ಹೆಚ್ಚಿನ ವಿಮರ್ಶೆಗಳನ್ನು ಬರೆದವರು ಅದನ್ನು ಶುರುಮಾಡಿ ಒಂದೆರಡು ವಾರವಾಗಿರುತ್ತದೆ. ಅಲ್ಲೆಲ್ಲ ಹೊಟ್ಟೆಯ ಮಾತೇ ಜಾಸ್ತಿ. ಪಾಪ, ಆ ದಿನಗಳು ಕಷ್ಟದವೇ. ಆದರೆ ಟೈಪ್ 2 ಸಕ್ಕರೆ ಕಾಯಿಲೆಯವರು ಈ ಮಾತ್ರೆಯನ್ನು ವಾರಗಟ್ಟಲೆ ತೆಗೆದುಕೊಂಡು ಬಿಡುವುದಿಲ್ಲ, ದಶಕಗಟ್ಟಲೆ ತೆಗೆದುಕೊಳ್ಳುತ್ತಾರೆ. ನಾನೂ ಹಾಗೆ ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದೇನೆ. ಇದು ಒಳ್ಳೆಯ ಮಾತ್ರೆ, ನನ್ನ ಸಕ್ಕರೆಯನ್ನು ಹತೋಟಿಯಲ್ಲಿ ಇಟ್ಟಿದೆ. ನನ್ನ ತಕರಾರು ಒಂದೇ: ಇದನ್ನು ಹೇಗೆ ನುಂಗಬೇಕು ಎಂದು ಎಲ್ಲರೂ ಹೇಳಿಕೊಡುತ್ತಾರೆ, ಯಾವಾಗ ನಿಲ್ಲಿಸಬೇಕು ಎಂದು ಹೇಳುವವರು ಕಡಿಮೆ. ಅದನ್ನು ಚೀಟಿ ಬರೆಯುವ ದಿನವೇ ರೋಗಿಗೆ ಹೇಳಬೇಕು. ಈ ವಿಮರ್ಶೆಯಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು, ಇದು ಮಾಡುವ ಕೆಲಸವೇನು? ನಾವು ಏನೂ ತಿನ್ನದಿದ್ದಾಗಲೂ ಯಕೃತ್ತು ರಕ್ತಕ್ಕೆ ಗ್ಲೂಕೋಸ್ ಬಿಡುತ್ತಲೇ ಇರುತ್ತದೆ. ಟೈಪ್ 2 ಇರುವವರಲ್ಲಿ ಅದು ಅಗತ್ಯಕ್ಕಿಂತ ಹೆಚ್ಚು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಶುಗರ್ ಏರಿರುವುದಕ್ಕೆ ಇದು ದೊಡ್ಡ ಕಾರಣ. ಮೆಟ್‌ಫಾರ್ಮಿನ್ ಮುಖ್ಯವಾಗಿ ಅದಕ್ಕೆ ಕಡಿವಾಣ ಹಾಕುತ್ತದೆ, ಜೊತೆಗೆ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದನ್ನು ಸುಧಾರಿಸುತ್ತದೆ. ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಸುರಿಸುವ ಕೆಲಸಕ್ಕೆ ಹೋಗುವುದಿಲ್ಲ. ಹಾಗಾಗಿ ಇದೊಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ದಿಢೀರ್ ಕುಸಿಯುವುದು ಅಪರೂಪ. ಮಾತ್ರೆ ಹಳೆಯದು. ಫ್ರೆಂಚ್ ವೈದ್ಯ ಜಾನ್ ಸ್ಟೆರ್ನ್ ಇದನ್ನು ಸಕ್ಕರೆ ಕಾಯಿಲೆಗೆ ಬಳಸಿದ ಅನುಭವವನ್ನು ಪ್ರಕಟಿಸಿದ್ದು 1957ರಲ್ಲಿ. ಅಮೆರಿಕದಲ್ಲಿ ಮಾತ್ರ 1995ರವರೆಗೆ ಮಾರುಕಟ್ಟೆಗೆ ಬರಲಿಲ್ಲ. ಇದೇ ಗುಂಪಿನ ಫೆನ್‌ಫಾರ್ಮಿನ್ ಎಂಬ ಔಷಧಿ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿಸಿ ಜೀವ ತೆಗೆದದ್ದರಿಂದ 1970ರ ದಶಕದ ಕೊನೆಗೆ ಹಲವು ದೇಶಗಳಲ್ಲಿ ಹಿಂದಕ್ಕೆ ಹೋಯಿತು, ಆ ಭಯದ ನೆರಳು ಇದರ ಮೇಲೂ ಬಿತ್ತು. ಮೆಟ್‌ಫಾರ್ಮಿನ್‌ನಲ್ಲಿ ಆ ಅಪಾಯ ತೀರಾ ಕಡಿಮೆ. 1998ರಲ್ಲಿ ಹೊರಬಂದ ಸಕ್ಕರೆ ಕಾಯಿಲೆಯ ಬಗೆಗಿನ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ, ತೂಕ ಹೆಚ್ಚಿದ್ದವರ ಪೈಕಿ ಇದನ್ನು ತೆಗೆದುಕೊಂಡವರಲ್ಲಿ ಹೃದಯಾಘಾತ 39% ಕಡಿಮೆ ಕಂಡಿತು. ಅಲ್ಲಿಂದ ಇದರ ಸ್ಥಾನ ಗಟ್ಟಿಯಾಯಿತು.

ಈಗ ಹೊಟ್ಟೆಯ ವಿಷಯ. ನನಗೆ ಶುರುಮಾಡಿದ್ದು 500 ಮಿಲಿಗ್ರಾಂ, ದಿನಕ್ಕೊಂದು, ಊಟದ ಜೊತೆ. ಆಮೇಲೆ ನಿಧಾನವಾಗಿ ಏರಿಸಿದರು. ಮೊದಲ ದಿನಗಳಲ್ಲಿ ಹೊಟ್ಟೆ ಗುಡುಗುಡು, ವಾಯು, ಸಡಿಲ ಭೇದಿ, ಬಾಯಲ್ಲಿ ಲೋಹ ನೆಕ್ಕಿದಂಥ ರುಚಿ. ನಿಧಾನವಾಗಿ ಏರಿಸುವುದೇ ಇದಕ್ಕೆ ಮದ್ದು. ಮೊದಲ ವಾರವೇ ಪೂರ್ತಿ ಡೋಸ್ ತೆಗೆದುಕೊಂಡು ‘ನನಗೆ ಒಗ್ಗಲಿಲ್ಲ’ ಎಂದು ಬಿಟ್ಟವರನ್ನು ಕಂಡಿದ್ದೇನೆ. ಅವರಿಗೆ ಒಗ್ಗುತ್ತಿತ್ತೇನೋ, ಹೊಟ್ಟೆಗೆ ಹೊಂದಿಕೊಳ್ಳಲು ಸಮಯ ಸಿಗಲಿಲ್ಲ. ಊಟ ಮುಗಿಸಿ ಒಂದು ಗಂಟೆ ಬಿಟ್ಟು ನುಂಗುವುದಕ್ಕೂ ಊಟದ ನಡುವೆ ನುಂಗುವುದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ, ಎರಡನೆಯದು ಎಷ್ಟೋ ವಾಸಿ.

ಅಷ್ಟಾದರೂ ಸರಿಹೋಗದಿದ್ದರೆ ನಿಧಾನವಾಗಿ ಕರಗುವ ನಮೂನೆಯ ಮಾತ್ರೆ ಕೇಳಿ. ಹೆಸರಿನ ಕೊನೆಗೆ ಎಕ್ಸ್‌ಆರ್, ಎಸ್‌ಆರ್ ಅಥವಾ ಇಆರ್ ಎಂದಿರುತ್ತದೆ. ನನ್ನನ್ನು ಅದಕ್ಕೆ ಬದಲಾಯಿಸಿದ ಮೇಲೆ ಹೊಟ್ಟೆಯ ಗೋಳು ಬಹುಪಾಲು ನಿಂತಿತು. ಆ ಮಾತ್ರೆ ಉದ್ದಕ್ಕೆ, ದಪ್ಪಗೆ ಇರುತ್ತದೆ. ಗಂಟಲಲ್ಲಿ ಇಳಿಯುವುದಿಲ್ಲವೆಂದು ಪುಡಿಮಾಡುವುದು, ಅಗಿಯುವುದು ಸಲ್ಲದು. ಹಾಗೆ ಮಾಡಿದರೆ ಇಡೀ ದಿನಕ್ಕೆ ಹಂಚಿಹೋಗಬೇಕಾದ ಔಷಧಿ ಒಮ್ಮೆಲೇ ಒಳಗೆ ಬಿಡುಗಡೆಯಾಗುತ್ತದೆ. ಇನ್ನೊಂದು ವಿಚಾರ, ಹೇಳಲು ಮುಜುಗರವಾದರೂ ಹೇಳಲೇಬೇಕು: ಕೆಲವು ಕಂಪನಿಗಳ ಮಾತ್ರೆಯಲ್ಲಿ ಔಷಧಿ ಸೋರಿಹೋದ ಮೇಲೆ ಖಾಲಿ ಹೊದಿಕೆ ಮೆತ್ತಗೆ, ಹೆಚ್ಚುಕಡಿಮೆ ಮಾತ್ರೆಯ ಆಕಾರದಲ್ಲೇ ಮಲದಲ್ಲಿ ಕಾಣಿಸಿಕೊಳ್ಳುತ್ತದೆ. ಮಾತ್ರೆ ಕರಗಲೇ ಇಲ್ಲ ಎಂದು ಗಾಬರಿಬಿದ್ದು ಇನ್ನೊಂದು ನುಂಗಬೇಡಿ. ಔಷಧಿ ಆಗಲೇ ಒಳಗೆ ಸೇರಿರುತ್ತದೆ. ಡಬ್ಬಿ ತೆರೆದಾಗ ಬರುವ ಒಂದು ಬಗೆಯ ಮೀನಿನ ವಾಸನೆಯೂ ಈ ಔಷಧಿಯದ್ದೇ, ಕೆಟ್ಟುಹೋದ ಗುರುತಲ್ಲ. ವರ್ಷಗಳ ಕಾಲ ಸರಿಯಿದ್ದು ಆಮೇಲೆ ಭೇದಿ ಶುರುವಾದರೆ ಮಾತ್ರ ವೈದ್ಯರಿಗೆ ತಿಳಿಸಿ. ಮೆಟ್‌ಫಾರ್ಮಿನ್ ತಡವಾಗಿಯೂ ಹೀಗೆ ಮಾಡಬಲ್ಲದು, ಬೇರೆ ಕಾರಣವೂ ಇರಬಹುದು.

ಫಲಿತಾಂಶಕ್ಕೆ ಆತುರ ಪಡಬೇಡಿ. ಖಾಲಿ ಹೊಟ್ಟೆಯ ಶುಗರ್ ಒಂದೆರಡು ವಾರಗಳಲ್ಲಿ ಇಳಿಯತೊಡಗುತ್ತದೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಎರಡು ಮೂರು ತಿಂಗಳ ಶುಗರ್‌ನ ಸರಾಸರಿಯನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವುದರಿಂದ ಅದರಲ್ಲಿ ಕಾಣಲು ಮೂರು ತಿಂಗಳು ಬೇಕು. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಅಂಶದಷ್ಟು ಇಳಿಕೆ ನಿರೀಕ್ಷಿಸಬಹುದು.

ವರ್ಷಗಳು ಕಳೆದ ಮೇಲೆ ಬರುವ ವಿಷಯ ವಿಟಮಿನ್ ಬಿ12. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿ12 ಹೀರಿಕೊಳ್ಳುವುದಕ್ಕೆ ಮೆಟ್‌ಫಾರ್ಮಿನ್ ಅಡ್ಡಿ ಮಾಡುತ್ತದೆ. ಯಕೃತ್ತಿನಲ್ಲಿ ಇದರ ದಾಸ್ತಾನು ವರ್ಷಗಳಿಗೆ ಆಗುವಷ್ಟು ಇರುವುದರಿಂದ ಕೊರತೆ ಬೇಗ ಗೊತ್ತಾಗುವುದಿಲ್ಲ. ಡೋಸ್ ಹೆಚ್ಚಿದ್ದಷ್ಟೂ, ವರ್ಷ ಹೆಚ್ಚಿದಷ್ಟೂ ಸಾಧ್ಯತೆ ಹೆಚ್ಚು. ಸಸ್ಯಾಹಾರಿಗಳಿಗೆ, ಅಸಿಡಿಟಿ ಮಾತ್ರೆಯನ್ನು ಬಹುಕಾಲ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ನನಗೆ ಪಾದದಲ್ಲಿ ಜೋಮು ಶುರುವಾದಾಗ, ಶುಗರ್‌ನಿಂದ ನರ ಕೆಟ್ಟಿದೆ ಎಂದೇ ಎಲ್ಲರೂ ಅಂದರು. ವೈದ್ಯರು ಟ್ಯೂನಿಂಗ್ ಫೋರ್ಕ್ ಮಿಡಿದು ಅದರ ಬುಡವನ್ನು ಕಾಲಿನ ಹೆಬ್ಬೆರಳಿನ ಗೆಣ್ಣಿನ ಮೇಲಿಟ್ಟು ‘ಅದುರುವುದು ನಿಂತ ಕೂಡಲೇ ಹೇಳಿ’ ಎಂದರು. ನನಗೆ ನಿಂತಿತು ಅನ್ನಿಸಿದ ಮೇಲೂ ಅವರ ಬೆರಳಿಗೆ ಅದು ಅದುರುತ್ತಲೇ ಇತ್ತು. ಅವರು ಅಲ್ಲಿಗೇ ಬಿಡದೆ ಬಿ12 ಪರೀಕ್ಷೆ ಬರೆದರು, ಕಡಿಮೆ ಇತ್ತು. ಚುಚ್ಚುಮದ್ದು, ಆಮೇಲೆ ಮಾತ್ರೆ ಕೊಟ್ಟರು. ಜೋಮು ನಿಧಾನವಾಗಿ ತಗ್ಗಿತು.

ಈ ಎರಡು ಕಾರಣಗಳು ಪಾದದಲ್ಲಿ ಒಂದೇ ಥರ ಕಾಣುತ್ತವೆ, ಅದೇ ತೊಂದರೆ. ಶುಗರ್‌ನಿಂದ ಹಾಳಾದ ನರ ಹಿಂದಿನಂತಾಗುವುದು ಕಷ್ಟ. ಬಿ12 ಕೊರತೆಯಿಂದಾದದ್ದನ್ನು ಬೇಗ ಹಿಡಿದರೆ ಸರಿಪಡಿಸಬಹುದು, ತಡಮಾಡಿದರೆ ಅದೂ ಉಳಿದುಬಿಡುತ್ತದೆ. ಜೊತೆಗೆ ಬಿ12 ಕೊರತೆಯ ರಕ್ತಹೀನತೆ ಇದ್ದಾಗ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಜೋಮು, ಸುಸ್ತು, ನಾಲಿಗೆ ಉರಿ ಇವುಗಳಲ್ಲಿ ಯಾವುದಿದ್ದರೂ ಬಿ12 ನೋಡಿ ಎಂದು ನೀವೇ ಕೇಳಿ. ಏನೂ ಇಲ್ಲದಿದ್ದರೂ ವರ್ಷಗಳಿಂದ ತೆಗೆದುಕೊಳ್ಳುವವರು ಆಗಾಗ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕಿಡ್ನಿಯದ್ದು ಇದಕ್ಕಿಂತ ಮುಖ್ಯ. ‘ಮೆಟ್‌ಫಾರ್ಮಿನ್ ಕಿಡ್ನಿ ಹಾಳುಮಾಡುತ್ತದೆ’ ಎಂಬ ಮಾತು ಬಹಳ ಕಡೆ ಓಡಾಡುತ್ತದೆ, ಅದನ್ನು ನಂಬಿ ಮಾತ್ರೆ ಬಿಟ್ಟವರ ಬಗ್ಗೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇದು ಕಿಡ್ನಿಯನ್ನು ಕೆಡಿಸುವ ಔಷಧಿಯಲ್ಲ. ಯಕೃತ್ತಿನಲ್ಲಿ ಒಡೆಯದೆ, ಇದ್ದ ರೂಪದಲ್ಲೇ ಮೂತ್ರದಲ್ಲಿ ಹೊರಹೋಗುತ್ತದೆ. ಕಿಡ್ನಿ ಬೇರೆ ಕಾರಣಕ್ಕೆ ಸೋತಿದ್ದರೆ ಔಷಧಿ ಹೊರಹೋಗದೆ ದೇಹದಲ್ಲಿ ಸೇರಿಕೊಳ್ಳುತ್ತದೆ, ಅಪಾಯ ಇರುವುದು ಅಲ್ಲಿ. ಆದ್ದರಿಂದ ರಕ್ತಪರೀಕ್ಷೆಯ ವರದಿಯಲ್ಲಿ ಇಜಿಎಫ್‌ಆರ್ ಎಂಬ ಸಾಲು, ಅಂದರೆ ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಎಂಬ ಅಂದಾಜು, ನೋಡಿಕೊಳ್ಳಿ. ಅದು 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಬೇಡ. 45ರ ಕೆಳಗೆ ಇಳಿದಿದ್ದರೆ ಹೊಸದಾಗಿ ಶುರುಮಾಡುವುದಿಲ್ಲ, ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಮುಂದುವರಿಸಬೇಕೇ ಎಂದು ವೈದ್ಯರು ತೂಗಿನೋಡಿ ಸಾಮಾನ್ಯವಾಗಿ ಡೋಸ್ ಇಳಿಸುತ್ತಾರೆ. ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಆಗಲೇಬೇಕು. ವಯಸ್ಸಾದವರಿಗೆ, ಕಿಡ್ನಿ ದುರ್ಬಲವಾಗಿರುವವರಿಗೆ ಇನ್ನೂ ಬೇಗ ಬೇಗ.

ಇನ್ನು ನಿಲ್ಲಿಸುವ ವಿಷಯ. ಜೋರು ಜ್ವರ, ವಾಂತಿ, ಭೇದಿ ಬಂದು ನೀರೂ ಒಳಗೆ ನಿಲ್ಲದ ಸ್ಥಿತಿಯಲ್ಲಿ ಮೈಯ ನೀರಿನಂಶ ಆರುತ್ತದೆ, ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಮಾತ್ರೆ ಹೊರಹೋಗದೆ ಉಳಿಯುತ್ತದೆ. ಅಪರೂಪಕ್ಕೆ ಬರುವ, ಬಂದರೆ ಜೀವಕ್ಕೇ ಕುತ್ತಾಗುವ ಲ್ಯಾಕ್ಟಿಕ್ ಅಸಿಡೋಸಿಸ್ (ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವುದು) ಹೆಚ್ಚಾಗಿ ಇಂಥ ಹೊತ್ತಿನಲ್ಲೇ ಬರುವುದು. ಉಸಿರು ಜೋರಾಗುವುದು, ವಿಪರೀತ ನಿಶ್ಶಕ್ತಿ, ಸ್ನಾಯು ನೋವು, ಹೊಟ್ಟೆನೋವು, ಮೈ ತಣ್ಣಗಾಗುವುದು, ಮಂಪರು ಇವು ಲಕ್ಷಣಗಳು. ಇವು ಕಂಡರೆ ಫೋನಿನಲ್ಲಿ ಸಲಹೆ ಕೇಳುತ್ತಾ ಕೂರದೆ ತುರ್ತು ವಿಭಾಗಕ್ಕೆ ಹೋಗಬೇಕು. ನನ್ನ ವೈದ್ಯರು ಹೇಳಿದ್ದು ಹೀಗೆ: ವಾಂತಿಭೇದಿ ಇದ್ದಷ್ಟು ದಿನ ಮಾತ್ರೆ ನಿಲ್ಲಿಸಿ ನನಗೆ ತಿಳಿಸಿ, ಊಟ ನೀರು ಮೊದಲಿನಂತಾಗಿ ಒಂದೆರಡು ದಿನ ಕಳೆದ ಮೇಲೆ ಮತ್ತೆ ಶುರುಮಾಡಿ, ಆ ನಡುವೆ ಶುಗರ್ ನೋಡಿಕೊಳ್ಳುತ್ತಿರಿ. ಒಮ್ಮೆ ಹೊಟ್ಟೆ ಸೋಂಕಾದಾಗ ಹಾಗೇ ಮಾಡಿದೆ, ಏನೂ ತೊಂದರೆಯಾಗಲಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಈ ನಿಯಮವನ್ನು ಅದಕ್ಕೂ ಹಚ್ಚಿಬಿಡಬಾರದು. ಕಾಯಿಲೆ ಬಿದ್ದಾಗ ಇನ್ಸುಲಿನ್ ಅನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ.

ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತು ಅಯೋಡಿನ್ ಇರುವ ಡೈ ಚುಚ್ಚಿ ಮಾಡುವ ಸಿಟಿ ಸ್ಕ್ಯಾನ್, ಆಂಜಿಯೋಗ್ರಾಂಗೆ ಮುಂಚೆ ‘ನಾನು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ’ ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಕಿಡ್ನಿ ಸ್ವಲ್ಪ ದುರ್ಬಲವಿದ್ದವರಿಗೆ ಆ ದಿನ ನಿಲ್ಲಿಸಿ, 48 ಗಂಟೆಗಳ ನಂತರ ಕಿಡ್ನಿ ಪರೀಕ್ಷೆ ಸರಿಯಿದ್ದರೆ ಮಾತ್ರ ಮತ್ತೆ ಕೊಡುತ್ತಾರೆ. ಒಂದು ಸ್ಕ್ಯಾನ್ ಕೇಂದ್ರದಲ್ಲಿ ನನ್ನನ್ನು ಅಲರ್ಜಿ ಇದೆಯೇ ಎಂದು ಕೇಳಿದರು, ಮಾತ್ರೆಗಳ ಬಗ್ಗೆ ಕೇಳಲೇ ಇಲ್ಲ. ನಾನೇ ಹೇಳಿದ ಮೇಲೆ ಇಜಿಎಫ್‌ಆರ್ ವರದಿ ನೋಡಿದರು. ವಿಪರೀತ ಮದ್ಯಪಾನವೂ ಇದೇ ಅಪಾಯದ ಪಟ್ಟಿಗೆ ಸೇರುತ್ತದೆ.

ಜೋಡಿ ಮಾತ್ರೆಗಳ ಬಗ್ಗೆಯೂ ಎಚ್ಚರ ಬೇಕು. ಎಷ್ಟೋ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಜೊತೆ ಸಕ್ಕರೆ ಕಾಯಿಲೆಯ ಇನ್ನೊಂದು ಔಷಧಿ, ಅಂದರೆ ಗ್ಲಿಮೆಪಿರೈಡ್, ಸಿಟಾಗ್ಲಿಪ್ಟಿನ್ ಅಥವಾ ಡಾಪಾಗ್ಲಿಫ್ಲೋಜಿನ್ ಸೇರಿರುತ್ತದೆ. ಒಬ್ಬ ವೈದ್ಯರು ಬರೀ ಮೆಟ್‌ಫಾರ್ಮಿನ್, ಇನ್ನೊಬ್ಬರು ಬೇರೆ ಹೆಸರಿನ ಜೋಡಿ ಮಾತ್ರೆ ಬರೆದರೆ, ಒಂದೇ ಔಷಧಿ ಎರಡು ಹೆಸರಲ್ಲಿ ಹೊಟ್ಟೆ ಸೇರುತ್ತದೆ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು, ಮಿಲಿಗ್ರಾಂ ಓದಿ, ಎಲ್ಲ ಸ್ಟ್ರಿಪ್‌ಗಳನ್ನೂ ವೈದ್ಯರ ಮುಂದಿಡಿ. ದಿನದ ಒಟ್ಟು ಪ್ರಮಾಣ ಸಾಮಾನ್ಯವಾಗಿ 2000 ಮಿಲಿಗ್ರಾಂ ದಾಟಿಸುವುದಿಲ್ಲ. ಗ್ಲಿಮೆಪಿರೈಡ್ ಸೇರಿದ್ದರೆ ನಾನು ಮೇಲೆ ಹೇಳಿದ ‘ಸಕ್ಕರೆ ಕುಸಿಯುವುದು ಅಪರೂಪ’ ಎಂಬ ಮಾತು ಅನ್ವಯಿಸುವುದಿಲ್ಲ. ಆ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಕೈ ನಡುಕ, ಬೆವರು, ಕಣ್ಣು ಮಂಜು. ಶುಗರ್ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಮರೆತ ಡೋಸ್ ನೆನಪಾದಾಗ ಮುಂದಿನದ್ದರ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡಿ, ಎರಡು ಸೇರಿಸಿ ನುಂಗಬೇಡಿ. 2020ರಲ್ಲಿ ಎನ್‌ಡಿಎಂಎ ಎಂಬ ಕಲ್ಮಶ ಮಿತಿ ಮೀರಿದ್ದಕ್ಕೆ ಅಮೆರಿಕದಲ್ಲಿ ಕೆಲವು ಕಂಪನಿಗಳ ಎಕ್ಸ್‌ಆರ್ ಮಾತ್ರೆಗಳನ್ನು ವಾಪಸ್ ಪಡೆದರು. ಆಗ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ರೋಗಿಗಳಿಗೆ ಹೇಳಿದ್ದು, ಬದಲಿ ಸಿಗುವ ತನಕ ತಾವಾಗಿಯೇ ನಿಲ್ಲಿಸಬೇಡಿ ಎಂದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಔಷಧಿಯ ಕೆಲಸಕ್ಕೆ ಪೂರ್ತಿ ಅಂಕ. ಕಳೆದ ಒಂದು ಅಂಕ ಪೆಟ್ಟಿಗೆಯೊಳಗಿನ ಕಾಗದಕ್ಕೆ. ನಿಲ್ಲಿಸಬೇಕಾದ ಸಂದರ್ಭಗಳು ಅದರಲ್ಲಿ ಇವೆ, ಆದರೆ ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರದಲ್ಲಿ, ಮಡಿಕೆಗಳ ನಡುವೆ ಎಲ್ಲೋ ಇವೆ. ವಾಂತಿಭೇದಿ, ಡೈ ಹಾಕುವ ಸ್ಕ್ಯಾನ್, ಶಸ್ತ್ರಚಿಕಿತ್ಸೆ ಈ ಮೂರನ್ನಾದರೂ ಪೆಟ್ಟಿಗೆಯ ಮೇಲೆಯೇ ದಪ್ಪಕ್ಷರದಲ್ಲಿ ಅಚ್ಚುಹಾಕಿದ ದಿನ ಆ ಅಂಕವನ್ನೂ ಕೊಡುತ್ತೇನೆ.