ಬೇಸಿಕೋಡ್: ಆರು ವರ್ಷ ಬಳಸಿದ ಮೇಲೆ

ನನ್ನ ಬಳಿ 1980ರ ದಶಕದ ಎರಡು ಮನೆಗಣಕಗಳು, ಒಂದು ಬಿಬಿಸಿ ಮೈಕ್ರೋ, ಒಂದು ಕಮೊಡೋರ್ 64 ಇವೆ. ಎರಡಕ್ಕೂ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆ ಗೊತ್ತಿದ್ದರೂ ಒಂದರ ಪ್ರೋಗ್ರಾಂ ತುಂಬಿದ ಕ್ಯಾಸೆಟ್ ಇನ್ನೊಂದಕ್ಕೆ ಬರಿಯ ಗದ್ದಲ. ಹೇಗೋ ಓದಿಸಿದರೂ, ಪ್ರಿಂಟ್ ಎಂಬ ಆದೇಶವನ್ನು ಮೊದಲನೆಯದು 241 ಎಂಬ ಸಂಕೇತದಲ್ಲಿಯೂ ಎರಡನೆಯದು 153 ಎಂಬ ಸಂಕೇತದಲ್ಲಿಯೂ ಇಟ್ಟುಕೊಳ್ಳುವುದರಿಂದ ಪ್ರೋಗ್ರಾಂ ಅರ್ಥವಾಗುವುದಿಲ್ಲ. ನೆದರ್ಲೆಂಡ್ಸಿನ ಎನ್‌ಒಎಸ್ ಪ್ರಸಾರ ಸಂಸ್ಥೆಯ ಹಾಬಿಸ್ಕೋಪ್ ಎಂಬ ರೇಡಿಯೊ ಕಾರ್ಯಕ್ರಮದವರು 1980ರ ದಶಕದಲ್ಲಿ ಇದಕ್ಕೆ ರೂಪಿಸಿದ ಪರಿಹಾರವೇ ಬೇಸಿಕೋಡ್. ಬಿತ್ತರವಾದ ಕೀರಲು ಸದ್ದನ್ನು ಕೇಳುಗರು ಟೇಪಿಗೆ ಇಳಿಸಿಕೊಂಡು ತಮ್ಮ ತಮ್ಮ ಯಂತ್ರಕ್ಕೆ ಲೋಡ್ ಮಾಡುತ್ತಿದ್ದರು.

ಪ್ರೋಗ್ರಾಂ ಸಂಕೇತಗಳಾಗಿ ಅಲ್ಲದೆ ಅಕ್ಷರ ಅಕ್ಷರವಾಗಿಯೇ ಹೋಗುವುದು ಇದರ ದೊಡ್ಡ ಗುಣ. ಅಕ್ಷರಗಳನ್ನು ಸೂಚಿಸುವ ಸೊನ್ನೆ-ಒಂದುಗಳಲ್ಲಿ, ಸೊನ್ನೆಗೆ 1200 ಹರ್ಟ್ಸಿನ ಒಂದು ಅಲೆ, ಒಂದಕ್ಕೆ 2400 ಹರ್ಟ್ಸಿನ ಎರಡು ಅಲೆ. ಈ ವೇಗದಲ್ಲಿ 8 ಕಿಲೋಬೈಟ್ ಬರಲು ಸುಮಾರು ಒಂದೂಕಾಲು ನಿಮಿಷ ಬೇಕು. ನನ್ನ ಟೇಪ್ ರೆಕಾರ್ಡರಿನ ಹೆಡ್ ಸವೆದಿದೆ, ಆದ್ದರಿಂದ ಆಗಾಗ ಒಂದೆರಡು ಅಕ್ಷರ ಕೆಡುತ್ತವೆ. ಆದರೆ ಬಂದದ್ದು ಓದಬಹುದಾದ ಪಠ್ಯವಾದ ಕಾರಣ ಲಿಸ್ಟ್ ಮಾಡಿ ಕೈಯಾರೆ ತಿದ್ದಿಕೊಳ್ಳುತ್ತೇನೆ.

ಇನ್ನೊಂದು ಜಾಣತನ ಸಾಲುಸಂಖ್ಯೆಗಳಲ್ಲಿದೆ. 1000ಕ್ಕಿಂತ ಕೆಳಗಿನ ಸಾಲುಗಳು ಆಯಾ ಯಂತ್ರದ ಬ್ಯಾಸ್ಕೋಡರಿಗೆ, ಎಂದರೆ ಬೇಸಿಕೋಡನ್ನು ಆ ಯಂತ್ರಕ್ಕೆ ಹೊಂದಿಸುವ ಪ್ರೋಗ್ರಾಂಗೆ, ಮೀಸಲು. ನಾವು ಬರೆಯುವುದು 1000ದಿಂದ ಮುಂದಕ್ಕೆ. ಪರದೆ ಅಳಿಸಲು ಗೋಸಬ್ 100 (100ನೆಯ ಸಾಲಿನ ಉಪಕಾರ್ಯ ಮುಗಿಸಿ ಮರಳಿ ಬಾ ಎಂಬ ಆದೇಶ), ಕರ್ಸರ್ ಸರಿಸಲು ಗೋಸಬ್ 110, ಯಾದೃಚ್ಛಿಕ ಸಂಖ್ಯೆಗೆ ಗೋಸಬ್ 260 ಎಂದರೆ ಸಾಕು, ಉಳಿದದ್ದನ್ನು ಬ್ಯಾಸ್ಕೋಡರ್ ನೋಡಿಕೊಳ್ಳುತ್ತದೆ. ಈ ಕೊನೆಯದರ ಬೆಲೆ ನನಗೆ ತಿಳಿದದ್ದು ನಿಯಮ ಮುರಿದಾಗಲೇ. ದಾಳದಾಟವೊಂದರಲ್ಲಿ ಬೇಸಿಕ್‌ನ ಯಾದೃಚ್ಛಿಕ ಸಂಖ್ಯೆಯ ಆದೇಶವನ್ನೇ ನೇರವಾಗಿ ಆರ್‌ಎನ್‌ಡಿ(6) ಎಂದು ಬರೆದಿದ್ದೆ; ಬಿಬಿಸಿಯಲ್ಲಿ ಅದು 1ರಿಂದ 6ರವರೆಗಿನ ಪೂರ್ಣಾಂಕ, ಕಮೊಡೋರಿನಲ್ಲಿ 1ಕ್ಕಿಂತ ಕಡಿಮೆಯ ದಶಮಾಂಶ. ದೋಷವೆಂದು ಯಂತ್ರ ಹೇಳಲೇ ಇಲ್ಲ, ದಾಳ ಮಾತ್ರ ಸದಾ ಸೊನ್ನೆಯಲ್ಲಿ ನಿಂತಿತು. ಒಂದು ಸಂಜೆ ಪೂರ್ತಿ ಹಾಳಾಯಿತು.

ಕೊರತೆಯನ್ನೂ ಹೇಳಬೇಕು. ಚರಗಳ ಹೆಸರು ಎರಡಕ್ಷರ ಮೀರಬಾರದು, ಸಾಲು 60 ಅಕ್ಷರ ದಾಟಬಾರದು. ಬಿಬಿಸಿಯ ಸೊಗಸಾದ ಪ್ರೊಸೀಜರುಗಳನ್ನು (ಹೆಸರಿಟ್ಟು ಕರೆಯಬಹುದಾದ ಉಪಕಾರ್ಯಗಳನ್ನು) ಬಿಟ್ಟು ಗೋಸಬ್‌ಗೆ ಮರಳುವುದು, ತೋಟವಿದ್ದೂ ಕುಂಡದಲ್ಲಿ ಗಿಡ ಬೆಳೆಸಿದಂತೆ. ಹಳೆಯ ಪ್ರೋಗ್ರಾಂಗಳನ್ನು ಸಾಗಿಸುವ ಆಸೆಯಿಂದ ಕೊಳ್ಳುವವರು ಇನ್ನೂ ಯೋಚಿಸಬೇಕು: ಪೋಕ್ 53280 ಎಂದು ಆ ಯಂತ್ರದ ಸ್ಮೃತಿವಿಳಾಸಕ್ಕೇ ನೇರವಾಗಿ ಬರೆದು ಪರದೆಯ ಅಂಚಿನ ಬಣ್ಣ ಬದಲಿಸುವ ಕಮೊಡೋರ್ ಆಟವನ್ನು ಬೇಸಿಕೋಡ್ ಉಳಿಸಲಾರದು, ಅದನ್ನು ಹೊಸದಾಗಿಯೇ ಬರೆಯಬೇಕು. ನಾನೀಗ ಹಳೆಯದನ್ನು ಹೊರುವುದನ್ನು ಬಿಟ್ಟು, ಲೆಕ್ಕ, ಪದಬಂಧ, ರಸಪ್ರಶ್ನೆಯಂಥ ಅಕ್ಷರಪ್ರಧಾನ ಪ್ರೋಗ್ರಾಂಗಳನ್ನು ಮೊದಲಿನಿಂದಲೇ 1000ನೆಯ ಸಾಲಿನಿಂದ ಆರಂಭಿಸುತ್ತೇನೆ. ಅವು ಎರಡೂ ಯಂತ್ರಗಳಲ್ಲಿ ತಿದ್ದುಪಡಿಯಿಲ್ಲದೆ ಓಡುತ್ತಿವೆ.