ಅಡುಗೆಮನೆಯ ‘ಗೊಬ್ಬರ ಯಂತ್ರ’: ಸಿಪ್ಪೆಗೆ ಸರಿ, ಮಿಕ್ಕ ಅಡುಗೆಗೆ ಬೇಡ

ಈ ಯಂತ್ರ ನಮ್ಮ ಅಡುಗೆಮನೆಗೆ ಬಂದು ವರ್ಷದ ಮೇಲಾಯಿತು. ಹಸಿ ಕಸವನ್ನು ಬಿಸಿ ಮಾಡಿ, ಒಣಗಿಸಿ, ಅರೆದು ಪುಡಿ ಮಾಡುವ ಡಬ್ಬ. ಎಷ್ಟು ಲೀಟರ್, ಎಷ್ಟು ವಾಟ್ ಎಲ್ಲ ಜಾಹೀರಾತಿನಲ್ಲೇ ಇದೆ, ಬಿಡಿ.

ರಾತ್ರಿ ಪಾತ್ರೆ ತೊಳೆದ ಮೇಲೆ ದಿನದ ಸಿಪ್ಪೆ, ತೊಟ್ಟು, ಟೀ ಚರಟ ಎಲ್ಲ ಬಕೆಟ್‌ಗೆ ಸುರಿಯುತ್ತೇನೆ. ಗಟ್ಟಿ ಬೀಜ ಆರಿಸಿ ಪಕ್ಕಕ್ಕೆ ಇಡುತ್ತೇನೆ. ಕಲ್ಲಂಗಡಿ ಸಿಪ್ಪೆ ಇದ್ದರೆ ಸಣ್ಣಗೆ ಹೆಚ್ಚಬೇಕು, ಇಲ್ಲದಿದ್ದರೆ ಒಳಗಿನ ಬ್ಲೇಡು ರಾತ್ರಿಯಿಡೀ ಗೊಣಗುತ್ತದೆ. ಗುಂಡಿ ಒತ್ತಿ ಮಲಗಿದರೆ ಬೆಳಿಗ್ಗೆ ತಳದಲ್ಲಿ ಒಂದೆರಡು ಹಿಡಿ ಕಂದು ಪುಡಿ. ನೊಣ ಇಲ್ಲ, ಸೋರುವ ಚೀಲ ಇಲ್ಲ. ಎದ್ದ ಕೂಡಲೇ ಮುಚ್ಚಳ ತೆಗೆದು ನೋಡುವುದು ಒಂದು ಚಟವೇ ಆಗಿಬಿಟ್ಟಿದೆ.

ಸಿಟ್ಟು ಬರುವುದು ಡಬ್ಬದ ಮೇಲಿನ ಬರಹಕ್ಕೆ. ‘ರಾತ್ರೋರಾತ್ರಿ ಗೊಬ್ಬರ’ ಅಂತೆ! ಗೊಬ್ಬರ ಆಗಬೇಕಾದರೆ ಸೂಕ್ಷ್ಮಜೀವಿಗಳು ವಾರಗಟ್ಟಲೆ ಕೂತು ತಿನ್ನಬೇಕು. ಇಲ್ಲಿ ನೀರು ಆರುತ್ತದೆ, ಅಷ್ಟೇ. ಪುಡಿಯನ್ನು ನೇರ ಕುಂಡಕ್ಕೆ ಹಾಕಿ ನೀರು ಹಾಕಿದರೆ ಉಬ್ಬಿ, ಬೂಸ್ಟು ಹಿಡಿದು, ಕೊಳೆಯುವ ಕೆಲಸ ಅಲ್ಲಿ ಶುರು. ಒಂದು ಪಾಲು ಪುಡಿಗೆ ಹತ್ತು ಪಾಲು ಮಣ್ಣು ಬೆರೆಸಿ ಕೆಲವು ವಾರ ಬಿಟ್ಟರೆ ಮಾತ್ರ ಗಿಡಕ್ಕೆ ಒಗ್ಗುತ್ತದೆ. ಉಪ್ಪು, ಎಣ್ಣೆ ಜಾಸ್ತಿ ಇದ್ದದ್ದಂತೂ ಗಿಡದ ಹತ್ತಿರವೂ ಬೇಡ.

ಆ ಸುಳ್ಳಿನಿಂದ ಆಗುವ ನಷ್ಟ ಗಿಡಕ್ಕಿಂತ ಮನೆಯವರ ತಲೆಗೆ ಜಾಸ್ತಿ. ಹೇಗೂ ಗೊಬ್ಬರ ಆಗುತ್ತದಲ್ಲ! ತಂಗಳು ಉಳಿದರೆ ‘ಮೆಷಿನ್‌ಗೆ ಹಾಕು’, ಸೊಪ್ಪು ಬಾಡಿದರೆ ‘ಮೆಷಿನ್‌ಗೆ ಹಾಕು’. ಮುಂಚೆ ಬಿಸಾಡುವಾಗ ಇದ್ದ ಚೂರು ಸಂಕೋಚವೂ ಹೋಯಿತು.

‘ಹವಾಮಾನ ಉಳಿಸಿ’ ಎಂದೂ ಬರೆದಿದ್ದಾರೆ. ಅರ್ಧ ನಿಜ. ಕಸದ ಗುಡ್ಡೆಯೊಳಗೆ ಗಾಳಿಯಿಲ್ಲದೆ ಆಹಾರ ಕೊಳೆತರೆ ಮೀಥೇನ್ ಹುಟ್ಟುತ್ತದೆ. 20 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಏರಿಸುತ್ತದೆ. ಅದು ತಪ್ಪಿತು, ಒಪ್ಪೋಣ. ಆದರೆ ಬಕೆಟ್ ತುಂಬ ಹಾಕಿ ಓಡಿಸಿದರೆ ಹತ್ತಿರ ಹತ್ತಿರ ಒಂದು ಯೂನಿಟ್ ಕರೆಂಟ್ ಬೇಕು. ಕಲ್ಲಿದ್ದಲಿನ ಕರೆಂಟ್ ಆದರೆ ಅಷ್ಟಕ್ಕೇ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ಇನ್ನು ಆ ಆಹಾರ ಬೆಳೆಯಲು, ಸಾಗಿಸಲು, ತಂಪಾಗಿಡಲು, ಬೇಯಿಸಲು ಸುಟ್ಟ ಇಂಧನ? ಅದನ್ನು ಯಾವ ಯಂತ್ರವೂ ವಾಪಸ್ ಕೊಡುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ಮನೆಗಳದ್ದೇ, ತಲಾ ವರ್ಷಕ್ಕೆ 79 ಕಿಲೋ. ಸಿಪ್ಪೆ, ಮೂಳೆಯೂ ಇದರಲ್ಲಿ ಸೇರಿದೆ ಅನ್ನಿ. ಈ ಡಬ್ಬ ಆ ರಾಶಿಯನ್ನು ಒಣಗಿಸಿ ಕುಗ್ಗಿಸುತ್ತದೆ, ಬಿಸಾಡುವುದನ್ನು ಕಮ್ಮಿ ಮಾಡುವುದಿಲ್ಲ.

ಹಾಗಾಗಿ ನಮ್ಮಲ್ಲಿ ಈಗ ಒಂದೇ ನಿಯಮ: ತಿನ್ನಲು ಆಗುವಂಥದ್ದನ್ನು ಯಂತ್ರಕ್ಕೆ ಹಾಕುವಂತಿಲ್ಲ. ಉಳಿದ ಅಡುಗೆ ಗಾಜಿನ ಡಬ್ಬಿಯಲ್ಲಿ, ಫ್ರಿಜ್‌ನ ಮುಂದಿನ ಸಾಲಿನಲ್ಲಿ, ಕಣ್ಣಿಗೆ ಬೀಳುವಂತೆ. ಬಾಳೆಹಣ್ಣು, ಸೇಬು ಸೊಪ್ಪಿನಿಂದ ದೂರ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ. ಇದಕ್ಕೆಲ್ಲ ಕಾಸೂ ಖರ್ಚಿಲ್ಲ, ಯಂತ್ರಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ. ಈಗ ಯಂತ್ರ ಬಕೆಟ್ ತುಂಬ ಓಡುವುದೇ ಅಪರೂಪ, ಕರೆಂಟ್ ಬಿಲ್ಲೂ ಇಳಿದಿದೆ. ಅದರ ಮೇಲಿನ ಸಿಟ್ಟೂ ಸ್ವಲ್ಪ ಇಳಿದಿದೆ ಎನ್ನಿ.

ಐದಕ್ಕೆ ಮೂರು ಅಂಕ. ಹಸಿ ಕಸ ಬೇರೆಯಾಗಿ ಒಯ್ಯುವ ವ್ಯವಸ್ಥೆ ಇದ್ದರೆ, ಅಥವಾ ಮಾಮೂಲಿ ಕಾಂಪೋಸ್ಟ್ ಡಬ್ಬ ಇಡಲು ಒಂದು ಮೂಲೆ ಇದ್ದರೆ, ಇದಕ್ಕೆ ದುಡ್ಡು ಹಾಕಬೇಡಿ. ಎರಡೂ ಇಲ್ಲದವರು ಕೊಳ್ಳುವ ಮುಂಚೆ ಅದರ ವಾಸನೆ ತಡೆಯುವ ಫಿಲ್ಟರ್ ಬೆಲೆ ವಿಚಾರಿಸಿಕೊಳ್ಳಿ. ಕೆಲವು ತಿಂಗಳಿಗೊಮ್ಮೆ ಬದಲಿಸಲೇಬೇಕು. ತಡ ಮಾಡಿದರೆ ಮೂಗೇ ಹೇಳುತ್ತದೆ.